ಬಾಣಂತನದಲ್ಲಿ ಅಪ್ಪನಿಗೇನು ಕೆಲಸ?

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಕೋಡಿಂಗ್ ಮಾಡೋ ನನ್ನಂಥವರು ಬಹಳ ಜನ ಇದ್ದೀವಿ. ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋದರೆ ತಿಂಗಳುಗಟ್ಟಲೆ ಅಲ್ಲೇ. ನಮ್ಮದು ವಿಡಿಯೋ ಕಾಲ್ ಸಂಸಾರ. "ಕೂಸಿಗೆ ಈಗೇನ್ ಗೊತ್ತಾಗ್ತೈತಿ, ದೊಡ್ಡದಾಗ್ಲಿ ಬಿಡಪ್ಪ" ಅಂತಾರೆ ಹಿರಿಯರು.

ಆದರೆ ಕೂಸಿಗೆ ಗೊತ್ತಾಗುತ್ತೆ. ಗರ್ಭದ ಕೊನೆಯ ತಿಂಗಳುಗಳಲ್ಲೇ ಅದಕ್ಕೆ ತಾಯಿಯ ದನಿ ಕೇಳಿಸುತ್ತೆ. 1980ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್, ಹುಟ್ಟಿ 3 ದಿನವೂ ತುಂಬದ ಶಿಶುಗಳಿಗೆ ಚೀಪಲು ನಿಪ್ಪಲ್ ಕೊಟ್ಟರು. ಚೀಪುವ ರೀತಿ ಬದಲಾದರೆ ಕೇಳುವ ದನಿಯೂ ಬದಲಾಗುತ್ತಿತ್ತು. ಶಿಶುಗಳು ಅಮ್ಮನ ದನಿ ಬರುವ ಹಾಗೆ ಚೀಪಿದವು! ಅಪ್ಪನ ದನಿಗೆ ಮಾತ್ರ ಇಂಥ ಒಲವು ನಂತರದ ಪ್ರಯೋಗದಲ್ಲಿ ಕಾಣಲಿಲ್ಲ.

ಅಂದರೆ ಅಮ್ಮನ ಪರಿಚಯ ಹೊಟ್ಟೆಯೊಳಗೇ ಆಗಿರುತ್ತೆ. ಅಪ್ಪ ಹುಟ್ಟಿದ ಮೇಲೆ ಶುರು ಮಾಡಬೇಕು. ಫೋನಿನ ಪರದೆಗೆ ಮೈಶಾಖ ಇಲ್ಲ.

ತವರಿನ ಬಾಣಂತನ ಬೇಡ ಅಂತ ನಾನು ಹೇಳ್ತಿಲ್ಲ. ಬಾಣಂತಿಗೆ ನಿದ್ದೆ, ನೆಮ್ಮದಿ ಸಿಕ್ಕರೆ ಕೂಸಿಗೂ ಹಿತ. ಅಲ್ಲಿ ಅಳಿಯನಿಗೂ ಜಾಗ ಇರಲಿ ಅಷ್ಟೆ. ಖಾಸಗಿ ಕಂಪನಿಗಳಿಗೆ ಪಿತೃತ್ವ ರಜೆ ಕಾನೂನಿನ ಕಡ್ಡಾಯವಲ್ಲ. ಕೊಡುವಷ್ಟನ್ನಾದರೂ ಪೂರ್ತಿ ತಗೊಳ್ಳಿ. ಉಳಿದದ್ದಕ್ಕೆ ಶುಕ್ರವಾರದ ರಾತ್ರಿ ಬಸ್ಸಿದೆ.

ಹೋದಾಗ ಕೂಸನ್ನು ಎದೆಗೆ ಅವಚಿಕೊಳ್ಳಿ. ಅತ್ತರೆ ಎತ್ತಿಕೊಳ್ಳಿ, ಈ ವಯಸ್ಸಲ್ಲಿ ಅದರಿಂದ ಮಗು ಕೆಡಲ್ಲ. ಅದು "ಊಂ" ಅಂದರೆ ನೀವೂ "ಊಂ" ಅನ್ನಿ, ಮತ್ತೆ ಅದರ ಸರದಿಗೆ ಕಾಯಿರಿ. ಕರೆದರೆ ಯಾರೋ ಓಗೊಡುತ್ತಾರೆ ಅನ್ನೋ ಧೈರ್ಯ ಮಗುವಿಗೆ ಹುಟ್ಟೋದು ಹೀಗೆಯೇ.