ಶ್ವಾಸಕೋಶ ತೊಳೆಯುವ ಚಿಕಿತ್ಸೆ: ಗಣಿ ಕಾರ್ಮಿಕರ ಕುಟುಂಬಗಳು ತಿಳಿದಿರಬೇಕಾದ ಅಂಶಗಳು

ಕೋಲಾರ ಚಿನ್ನದ ಗಣಿಯಲ್ಲಿ 1880ರಲ್ಲಿ ಆರಂಭವಾದ ಆಧುನಿಕ ಗಣಿಗಾರಿಕೆಯು 2001ರ ಫೆಬ್ರವರಿ 28ರಂದು ಸ್ಥಗಿತಗೊಂಡಿತು. ಆದರೆ ನೆಲದಾಳದಲ್ಲಿ ದುಡಿದವರ ಎದೆಯನ್ನು ಸೇರಿದ ಧೂಳು ಗಣಿ ಮುಚ್ಚಿದೊಡನೆ ಹೊರಹೋಗುವಂತಹುದಲ್ಲ. ಇಲ್ಲಿ ಚಿನ್ನವು ಬೆಣಚುಕಲ್ಲಿನ ಪದರಗಳಲ್ಲಿ ದೊರೆಯುತ್ತಿತ್ತು. ಆ ಕಲ್ಲನ್ನು ಕೊರೆದು ಸಿಡಿಸುವಾಗ ಏಳುವ ಸಿಲಿಕಾ ಧೂಳಿನಿಂದ ಸಿಲಿಕೋಸಿಸ್ ಎಂಬ ಕಾಯಿಲೆಯು ಉಂಟಾಗುತ್ತದೆ. ಕೆಲಸ ಬಿಟ್ಟು ಹಲವು ವರ್ಷಗಳ ನಂತರವೂ ಇದು ಕಾಣಿಸಿಕೊಳ್ಳಬಹುದು. ಶ್ವಾಸಕೋಶವನ್ನು ತೊಳೆದು ಈ ಧೂಳನ್ನು ತೆಗೆಯಬಹುದೇ ಎಂಬ ಪ್ರಶ್ನೆಯು ರಾಬರ್ಟ್‌ಸನ್‌ಪೇಟೆ ಹಾಗೂ ಸುತ್ತಲಿನ ಕುಟುಂಬಗಳಿಗೆ ಸಹಜವಾದುದು.

ತೊಳೆಯುವಿಕೆ ಎಂದರೇನು?

ದೇಹದ ಅಂಗ ಅಥವಾ ಕುಹರದೊಳಕ್ಕೆ ದ್ರವವನ್ನು ಹಾಯಿಸಿ ಹಿಂತೆಗೆಯುವ ಕ್ರಮಕ್ಕೆ ವೈದ್ಯಕೀಯದಲ್ಲಿ ಲ್ಯಾವೇಜ್ ಎನ್ನಲಾಗುತ್ತದೆ. ಶ್ವಾಸಕೋಶದಲ್ಲಿ ಇದು ಎರಡು ಬಗೆ:

1. ಪರೀಕ್ಷೆಗಾಗಿ: ಬ್ರಾಂಕೋಸ್ಕೋಪ್ ಮೂಲಕ ಶ್ವಾಸಕೋಶದ ಒಂದು ಭಾಗಕ್ಕೆ ಸುಮಾರು 100ರಿಂದ 300 ಮಿ.ಲೀ. ಸಲೈನ್ ಹಾಯಿಸಿ, ಹಿಂತೆಗೆದ ದ್ರವದಲ್ಲಿ ಕ್ಷಯ ಮುಂತಾದ ಸೋಂಕುಗಳನ್ನು ಪರೀಕ್ಷಿಸಲಾಗುತ್ತದೆ.

2. ಚಿಕಿತ್ಸೆಗಾಗಿ: ರೋಗಿಗೆ ಪೂರ್ಣ ಅರಿವಳಿಕೆ ನೀಡಿ, ಒಂದು ಶ್ವಾಸಕೋಶದಿಂದ ಉಸಿರಾಟ ನಡೆಸುತ್ತಾ, ಇನ್ನೊಂದನ್ನು ಬೆಚ್ಚಗಿನ ಸಲೈನ್‌ನಿಂದ ಪದೇಪದೇ ತೊಳೆಯಲಾಗುತ್ತದೆ. ಒಟ್ಟು 10 ಲೀಟರಿಗೂ ಹೆಚ್ಚು ದ್ರವ ಬೇಕಾಗಬಹುದು. ಗಾಳಿಗೂಡುಗಳಲ್ಲಿ ಪ್ರೋಟೀನ್‌ಯುಕ್ತ ವಸ್ತು ತುಂಬಿಕೊಳ್ಳುವ ಅಪರೂಪದ ಕಾಯಿಲೆಯಲ್ಲಿ ಇದು ಪ್ರಮುಖ ಚಿಕಿತ್ಸೆಯಾಗಿದೆ.

ಸಿಲಿಕೋಸಿಸ್‌ಗೆ ಇದು ಪರಿಹಾರವೇ?

ಅಲ್ಲ. ತೊಳೆದಾಗ ಗಾಳಿಗೂಡುಗಳಲ್ಲಿರುವ ಸ್ವಲ್ಪ ಧೂಳು ಹೊರಬರುತ್ತದೆ. ಆದರೆ ಅಂಗಾಂಶದೊಳಗೆ ಹುದುಗಿದ ಕಣಗಳೂ, ಅವುಗಳಿಂದಾದ ಗಟ್ಟಿ ಕಲೆಗಳೂ ಹಾಗೆಯೇ ಉಳಿಯುತ್ತವೆ. ಕೆಲವು ದೇಶಗಳಲ್ಲಿ ಈ ಪ್ರಯೋಗ ನಡೆದಿದ್ದರೂ, ದೀರ್ಘಕಾಲದ ಪ್ರಯೋಜನವು ದೃಢಪಟ್ಟಿಲ್ಲ. ಆಮ್ಲಜನಕದ ಕೊರತೆಯಂತಹ ಅಪಾಯಗಳೂ ಇವೆ. ಆದುದರಿಂದ ಶ್ವಾಸಕೋಶ ತೊಳೆದು ಕಾಯಿಲೆಯನ್ನು ಪೂರ್ಣ ಗುಣಪಡಿಸುವುದಾಗಿ ಹೇಳುವವರನ್ನು ನಂಬಿ ಸಾಲ ಮಾಡಬಾರದು.

ಏನು ಮಾಡಬೇಕು?

• ಸಿಲಿಕೋಸಿಸ್ ಇರುವವರಿಗೆ ಕ್ಷಯರೋಗ ತಗಲುವ ಸಂಭವ ಹೆಚ್ಚು. ಎರಡು ವಾರ ಮೀರಿದ ಕೆಮ್ಮು, ಜ್ವರ, ತೂಕ ಇಳಿಕೆ ಇದ್ದಲ್ಲಿ ಕೂಡಲೇ ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ ಹಾಗೂ ಔಷಧಿ ಉಚಿತ.
• ಗಣಿಯಲ್ಲಿ ಯಾವ ಕೆಲಸ, ಎಷ್ಟು ವರ್ಷ ಮಾಡಿದಿರೆಂಬುದನ್ನು ವೈದ್ಯರಿಗೆ ತಪ್ಪದೇ ತಿಳಿಸಬೇಕು. ಹಳೆಯ ಎಕ್ಸ್‌-ರೇ ಹಾಗೂ ಸೇವಾ ದಾಖಲೆಗಳನ್ನು ಜೋಪಾನವಾಗಿಡಬೇಕು.
• ಬೀಡಿ, ಸಿಗರೇಟು ಸೇವನೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕು.
• ಕಲ್ಲು ಒಡೆಯುವ, ಕೊರೆಯುವ ಕೆಲಸದಲ್ಲಿ ಈಗಲೂ ಇರುವವರು ನೀರು ಹಾಯಿಸಿ ಧೂಳನ್ನು ಅಡಗಿಸಬೇಕು.

ಸಿಲಿಕೋಸಿಸ್ ವಾಸಿಯಾಗದ ಕಾಯಿಲೆಯಾದರೂ ತಡೆಗಟ್ಟಬಹುದಾದ ಕಾಯಿಲೆ. ಎದೆಯನ್ನು ಸೇರುವ ಮುನ್ನವೇ ಧೂಳನ್ನು ತಡೆಯುವುದೊಂದೇ ಇದಕ್ಕೆ ಖಚಿತವಾದ ಉಪಾಯ.