ಜೊತೆಗಾರನ ಪಾಲಿನ ಗಾಳಿ

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಟ ದೋಣಿಯಿರಲಿ, ಕೆಂಪು ಸಮುದ್ರದ ದೋಣಿಯಿರಲಿ, ಸ್ಕೂಬಾ ಡೈವರ್ ನೀರಿಗಿಳಿಯುವ ಮೊದಲು ಗೇಜ್ ನೋಡಿಕೊಳ್ಳುತ್ತಾನೆ. ಮುಳ್ಳು 200 ಬಾರ್ ಆಸುಪಾಸಿನಲ್ಲಿದ್ದರೆ ಸಿಲಿಂಡರ್ ತುಂಬಿದೆ ಎಂದರ್ಥ. ಅನೇಕ ಗೇಜ್‌ಗಳಲ್ಲಿ 50ರಿಂದ ಕೆಳಗಿನ ಪಟ್ಟಿಗೆ ಕೆಂಪು ಬಣ್ಣ ಬಳಿದಿರುತ್ತದೆ. 50 ಬಾರ್ ಉಳಿಸಿಕೊಂಡು ಮೇಲೆ ಬನ್ನಿ ಎನ್ನುವುದು ಹೊಸಬರಿಗೆ ಹೇಳಿಕೊಡುವ ಪಾಠ.

ಪಾಠವೇನೋ ಸರಿ. ಆದರೆ ಆ ಕೆಂಪು ಪಟ್ಟಿಗೆ ಆಳದ ಪರಿವೆಯಿಲ್ಲ.

ದಡದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡ ಸುಮಾರು 1 ಬಾರ್. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗ ಇನ್ನೊಂದು ಬಾರ್ ಸೇರುತ್ತ ಹೋಗಿ, 30 ಮೀಟರ್‌ನಲ್ಲಿ ಒಟ್ಟು 4 ಬಾರ್ ಆಗುತ್ತದೆ. ಅಷ್ಟು ಒತ್ತಡದ ನಡುವೆ ಎದೆ ಹಿಗ್ಗಬೇಕಾದರೆ ಒಳಗೆ ಬರುವ ಗಾಳಿಯೂ ಅಷ್ಟೇ ಒತ್ತಡದಲ್ಲಿರಬೇಕು. ರೆಗ್ಯುಲೇಟರ್ ಮಾಡುವುದು ಈ ಕೆಲಸವನ್ನೇ. ಅದರ ಬೆಲೆಯನ್ನು ಸಿಲಿಂಡರ್ ತೆರಬೇಕು. ದೋಣಿಯ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು ಅಲ್ಲಿ ನಿಮಿಷಕ್ಕೆ 80 ಲೀಟರ್ ಖಾಲಿ ಮಾಡುತ್ತಾನೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವೇ ಇಲ್ಲಿಯೂ ಲೆಕ್ಕ ಬರೆಯುತ್ತದೆ.

ಸಿಲಿಂಡರ್‌ನಲ್ಲಿ ಉಳಿಸಿಕೊಳ್ಳುವ ಗಾಳಿ ಎಂಬ ಆಪದ್ಧನವನ್ನು ಎತ್ತಿಡುವುದು ಯಾರಿಗಾಗಿ? ತನಗಾಗಿ ಎಂದುಕೊಂಡವರೇ ಹೆಚ್ಚು. ನಿಜಕ್ಕೂ ಅದರಲ್ಲಿ ಅರ್ಧ ಪಾಲು ಜೊತೆಗಾರನದು. ಅವನ ಹೋಸ್ ಒಡೆಯಬಹುದು, ರೆಗ್ಯುಲೇಟರ್ ನಿಲ್ಲದೆ ಗಾಳಿ ಸುರಿಯಬಹುದು, ಅವನು ಗೇಜ್ ನೋಡುವುದನ್ನೇ ಮರೆತಿರಬಹುದು. ಆಗ ಒಂದೇ ಸಿಲಿಂಡರ್‌ನಿಂದ ಇಬ್ಬರೂ ಉಸಿರಾಡುತ್ತ ಮೇಲೇರಬೇಕು. ಡೈವರ್‌ಗಳು ಆಕ್ಟೋಪಸ್ ಎಂದು ಕರೆಯುವ, ಸಾಮಾನ್ಯವಾಗಿ ಹಳದಿ ಬಣ್ಣದ ಎರಡನೆಯ ಬಾಯಿತುಂಡು ಇರುವುದೇ ಇದಕ್ಕಾಗಿ. ಹೆದರಿದವನ ಉಸಿರು ಏರುತ್ತದೆ. ಹಾಗಾಗಿ ತಲೆಗೆ 30 ಲೀಟರ್‌ನಂತೆ ಇಬ್ಬರಿಗೆ ನಿಮಿಷಕ್ಕೆ 60 ಲೀಟರ್ ಎಂದು ಹಿಡಿಯೋಣ.

30 ಮೀಟರ್ ಆಳದಲ್ಲಿ ಸಾವರಿಸಿಕೊಳ್ಳಲು ಒಂದು ನಿಮಿಷ ಬೇಕು: 240 ಲೀಟರ್. ನಿಮಿಷಕ್ಕೆ 9 ಮೀಟರ್‌ನಂತೆ 5 ಮೀಟರ್‌ವರೆಗೆ ಏರಲು ಸುಮಾರು ಮೂರು ನಿಮಿಷ. ದಾರಿಯ ಸರಾಸರಿ ಒತ್ತಡ 2.75 ಬಾರ್ ಆದ್ದರಿಂದ 495 ಲೀಟರ್. ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಲೆಂದು ಅಲ್ಲಿ ಮೂರು ನಿಮಿಷ ನಿಲ್ಲಲು 270, ಕೊನೆಯ ಒಂದು ನಿಮಿಷಕ್ಕೆ 75. ಒಟ್ಟು 1080 ಲೀಟರ್. ಎಲ್ಲೆಡೆ ಬಾಡಿಗೆಗೆ ಸಿಗುವ 11.1 ಲೀಟರ್‌ನ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿ ಇದು 97 ಬಾರ್. ಅಂದರೆ ಹೆಚ್ಚುಕಡಿಮೆ ಅರ್ಧ ಸಿಲಿಂಡರ್! ಪ್ರಾಣಕ್ಕೇ ಬಂದಾಗ 5 ಮೀಟರ್‌ನ ನಿಲುಗಡೆಯನ್ನು ಬಿಡಬಹುದು. ಬಿಟ್ಟರೂ 73 ಬಾರ್ ಬೇಕೇ ಬೇಕು. ಇದೇ ಲೆಕ್ಕ 12 ಮೀಟರ್‌ಗೆ ಹಾಕಿದರೆ 53 ಬಾರ್ ಬರುತ್ತದೆ. ಕೆಂಪು ಪಟ್ಟಿ ಕಡಿಮೆ ಆಳದ ನೀರಿಗಷ್ಟೇ ಹೊಂದುತ್ತದೆ.

ಜಾಕ್ ಕೂಸ್ಟೋ ಮತ್ತು ಎಮಿಲ್ ಗಾಂಯಾ 1943ರಲ್ಲಿ ಆಕ್ವಾ-ಲಂಗ್ ರೂಪಿಸಿದ ನಂತರದ ದಶಕಗಳಲ್ಲಿ ಬಹಳಷ್ಟು ಡೈವರ್‌ಗಳ ಬಳಿ ಗೇಜ್ ಕೂಡ ಇರಲಿಲ್ಲ. ಉಸಿರೆಳೆಯುವುದು ಬಿಗಿಯಾದಾಗ ಬೆನ್ನ ಹಿಂದಿನ ಸರಳನ್ನು ಕೆಳಕ್ಕೆಳೆದರೆ ಜೆ-ವಾಲ್ವ್ ತಡೆಹಿಡಿದಿದ್ದ ಕೊನೆಯ ಗಾಳಿ ಬಿಡುಗಡೆಯಾಗುತ್ತಿತ್ತು. ಸರಳು ಎಲ್ಲಿಗೋ ತಗುಲಿ ಮೊದಲೇ ಕೆಳಗಿಳಿದಿದ್ದರೆ ಆ ಗಾಳಿ ಗೊತ್ತಿಲ್ಲದೆಯೇ ಖರ್ಚಾಗಿರುತ್ತಿತ್ತು. ಗೇಜ್ ಬಂದು ಈ ಅಪಾಯ ತಪ್ಪಿತು, ಆದರೆ ಎಷ್ಟು ಉಳಿಸಬೇಕೆಂಬ ತೀರ್ಮಾನ ಡೈವರ್‌ಗೇ ಉಳಿಯಿತು.

ಆ ತೀರ್ಮಾನ ದೋಣಿಯ ಮೇಲೆಯೇ ಆಗಬೇಕು. ತುಂಬಿದ ಸಿಲಿಂಡರ್‌ನ ಸುಮಾರು 2200 ಲೀಟರ್‌ನಲ್ಲಿ 1080 ಕಳೆದರೆ 30 ಮೀಟರ್‌ನಲ್ಲಿ ಸಿಗುವುದು 14 ನಿಮಿಷ, ಇಳಿಯುವ ಹೊತ್ತೂ ಸೇರಿ. ಇಷ್ಟೇನಾ ಎನಿಸಬಹುದು. ಹಾಗೆನಿಸಿದವರು 20 ಮೀಟರ್‌ಗೆ ನಿಲ್ಲಲಿ, ಇಲ್ಲವೇ 15 ಲೀಟರ್‌ನ ಸಿಲಿಂಡರ್ ಕೇಳಲಿ. ಮುಳ್ಳು 100ಕ್ಕೆ ಬಂದೊಡನೆ ಯಾರಾದರೊಬ್ಬರು ಹೆಬ್ಬೆರಳು ಮೇಲೆತ್ತುತ್ತಾರೆ. ನೀರಿನಡಿಯಲ್ಲಿ ಆ ಸನ್ನೆಗೆ ‘ಚೆನ್ನಾಗಿದೆ’ ಎಂಬ ಅರ್ಥವಿಲ್ಲ. ‘ಮೇಲಕ್ಕೆ ಹೊರಡೋಣ’ ಎಂದರ್ಥ. ಜೊತೆಗಾರ ಕಾರಣ ಕೇಳುವುದಿಲ್ಲ, ತಾನೂ ಹೆಬ್ಬೆರಳು ಎತ್ತುತ್ತಾನೆ.