ಪೊಲೀಸ್ ಸರ್ಟಿಫಿಕೇಟ್ ಹೇಳುವುದೆಷ್ಟು, ಹೇಳದಿರುವುದೆಷ್ಟು?

ಮಗುವನ್ನು ಹೊಸ ಶಾಲೆಗೆ ಸೇರಿಸುವಾಗ ಅಪ್ಪ ಅಮ್ಮ ಫೀಸು ಎಷ್ಟೆಂದು ವಿಚಾರಿಸುತ್ತಾರೆ, ಸಿಲಬಸ್ ಯಾವುದೆಂದು ಕೇಳುತ್ತಾರೆ, ಆಟದ ಮೈದಾನ ನೋಡಿ ಬರುತ್ತಾರೆ. ವ್ಯಾನ್ ಓಡಿಸುವವರು ಯಾರು, ಅವರ ಪೂರ್ವಾಪರ ನೋಡಿದವರು ಯಾರು ಎಂದು ಕೇಳುವವರು ಅಪರೂಪ. ಕೇಳಿದರೂ ‘ಎಲ್ಲರದ್ದೂ ಪೊಲೀಸ್ ವೆರಿಫಿಕೇಶನ್ ಆಗಿದೆ’ ಎಂಬ ಒಂದೇ ಮಾತಿಗೆ ಸಮಾಧಾನವಾಗಿಬಿಡುತ್ತದೆ. ಆ ಒಂದು ಮಾತಿನ ಸುತ್ತ ಬೆಳೆದಿರುವ ನಂಬಿಕೆಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ, ಸರ್ಟಿಫಿಕೇಟ್ ಇದ್ದವರಿಂದ ಅಪಾಯವಿಲ್ಲ ಎನ್ನುವುದು. ಇದಕ್ಕೆ ಬ್ರಿಟನ್ ಬಹಳ ದೊಡ್ಡ ಬೆಲೆ ತೆತ್ತಿದೆ. 2002ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಸೋಹಮ್ ಎಂಬ ಸಣ್ಣ ಊರಿನಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. ಕೊಂದವನು ಅದೇ ಊರಿನ ಪ್ರೌಢಶಾಲೆಯ ಕೇರ್‌ಟೇಕರ್ ಇಯಾನ್ ಹಂಟ್ಲಿ. ಅವನು ಹಿಂದೆ ಹಂಬರ್‌ಸೈಡ್ ಪ್ರದೇಶದಲ್ಲಿದ್ದಾಗ ಅತ್ಯಾಚಾರದ ಮತ್ತು ಅಪ್ರಾಪ್ತ ಹುಡುಗಿಯರೊಂದಿಗೆ ಲೈಂಗಿಕ ಸಂಬಂಧದ ದೂರುಗಳು ಒಂದರ ಹಿಂದೊಂದು ಪೊಲೀಸರ ಕಿವಿಗೆ ಬಿದ್ದಿದ್ದವು. ಒಂದರಲ್ಲೂ ಶಿಕ್ಷೆಯಾಗಿರಲಿಲ್ಲ. ಕೆಲಸಕ್ಕೆ ಅವನು ಅರ್ಜಿ ಹಾಕಿದ್ದು ಇಯಾನ್ ನಿಕ್ಸನ್ ಎಂಬ ಹೆಸರಿನಲ್ಲಿ. ಎರಡೂ ಹೆಸರುಗಳನ್ನಿಟ್ಟುಕೊಂಡು ಸರಿಯಾದ ಹುಡುಕಾಟ ನಡೆಯಲಿಲ್ಲ. ಅವನು ತಾನೇ ತಂದುಕೊಟ್ಟ ಶಿಫಾರಸು ಪತ್ರಗಳನ್ನು ಶಾಲೆ ನಂಬಿತು.

ಈ ವೈಫಲ್ಯದ ವಿಚಾರಣೆ ನಡೆಸಿದ ಸರ್ ಮೈಕೆಲ್ ಬಿಚರ್ಡ್ 2004ರಲ್ಲಿ ವರದಿ ಕೊಟ್ಟರು. ಅದರ ಫಲವಾಗಿ 2006ರಲ್ಲಿ ಹೊಸ ಕಾನೂನು ಬಂತು. 2012ರ ಡಿಸೆಂಬರ್‌ನಲ್ಲಿ ನೌಕರರ ಅಪರಾಧ ಹಿನ್ನೆಲೆ ಪರಿಶೀಲಿಸುವ ಈಗಿನ ಸಂಸ್ಥೆ ಡಿಬಿಎಸ್, ಅಂದರೆ ‘ಡಿಸ್‌ಕ್ಲೋಶರ್ ಅಂಡ್ ಬ್ಯಾರಿಂಗ್ ಸರ್ವಿಸ್’ ಹುಟ್ಟಿತು.

ಹಾಗಾದರೆ ಕಟ್ಟುನಿಟ್ಟಾದ ತಪಾಸಣೆ ಇದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತೇ? ಪ್ಲಿಮತ್ ನಗರದ ಒಂದು ಶಿಶುವಿಹಾರದ ಪ್ರಕರಣ ಇಲ್ಲ ಎನ್ನುತ್ತದೆ. ಅಲ್ಲಿ ಕೆಲಸಕ್ಕಿದ್ದ ವೆನೆಸ್ಸಾ ಜಾರ್ಜ್ ಎಂಬಾಕೆ ಪುಟ್ಟ ಮಕ್ಕಳ ಮೇಲೆ ದೌರ್ಜನ್ಯ ಎಸಗಿ, ಮೊಬೈಲಿನಲ್ಲಿ ಫೋಟೊ ತೆಗೆದು ಬೇರೆಯವರಿಗೆ ಕಳಿಸುತ್ತಿದ್ದದ್ದು 2009ರಲ್ಲಿ ಬಯಲಾಯಿತು. ಆಕೆಯ ಹಿನ್ನೆಲೆ ತಪಾಸಣೆ ಆಗಿತ್ತು, ದಾಖಲೆಯಲ್ಲಿ ಒಂದು ಕಲೆಯೂ ಇರಲಿಲ್ಲ. ಆಕೆಯ ನಡವಳಿಕೆ ಬದಲಾದದ್ದು ಸಹೋದ್ಯೋಗಿಗಳ ಗಮನಕ್ಕೆ ಬಂದಿತ್ತು. ಬಾಯಿಬಿಟ್ಟು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ ಎಂದು ನಂತರದ ಪರಿಶೀಲನೆ ಹೇಳಿತು. ದಾಖಲೆಯಲ್ಲಿ ಇರುವುದು ಸಿಕ್ಕಿಬಿದ್ದವರ ಹೆಸರು ಮಾತ್ರ. ಮೊದಲ ಸಲ ತಪ್ಪು ಮಾಡುವವರನ್ನು ತಡೆಯುವುದು ಪಕ್ಕದಲ್ಲಿ ಕೆಲಸ ಮಾಡುವವರ ಕಣ್ಣು ಮತ್ತು ಬಾಯಿ.

ನರ್ಸಿಂಗ್ ಓದಿ ಬ್ರಿಟನ್ನಿನ ಆಸ್ಪತ್ರೆ, ವೃದ್ಧರ ಆರೈಕೆ ಕೇಂದ್ರಗಳಿಗೆ ಹೋಗುವ ಕರ್ನಾಟಕದ ಹುಡುಗ ಹುಡುಗಿಯರು ಡಿಬಿಎಸ್ ಹೆಸರು ಕೇಳಿಯೇ ಇರುತ್ತಾರೆ. ಅಲ್ಲಿ ಹೋದ ಮೇಲೆ ಮಾಡಿಸಿಕೊಂಡರಾಯಿತು, ಇಲ್ಲಿನದೇನೂ ಬೇಡ ಎಂದುಕೊಳ್ಳುವವರಿದ್ದಾರೆ. ಅದು ಸರಿಯಲ್ಲ. ಹೊರದೇಶದ ಅಪರಾಧಗಳ ವಿವರ ಸಾಮಾನ್ಯವಾಗಿ ಡಿಬಿಎಸ್‌ಗೆ ಸಿಗುವುದಿಲ್ಲ. ಅದಕ್ಕಾಗಿಯೇ ಆರೋಗ್ಯ, ಆರೈಕೆ, ಶಿಕ್ಷಣದ ಕೆಲಸಗಳಿಗೆ ವೀಸಾ ಕೇಳುವಾಗ, ಕಳೆದ 10 ವರ್ಷಗಳಲ್ಲಿ ಒಟ್ಟು 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದ ದೇಶದಿಂದ ಪೊಲೀಸ್ ಕ್ಲಿಯರೆನ್ಸ್ ಕೊಡಬೇಕಾಗುತ್ತದೆ. ಒಮ್ಮೆ ಸಿಕ್ಕ ಡಿಬಿಎಸ್ ಸರ್ಟಿಫಿಕೇಟ್‌ಗೆ ಮುಗಿಯುವ ದಿನಾಂಕ ಇಲ್ಲ ಎಂಬುದು ನಿಜ. ಆದರೆ ಅದು ಸದಾ ಊರ್ಜಿತ ಎಂದು ಅದರ ಅರ್ಥವಲ್ಲ, ಕೊಟ್ಟ ದಿನದ ಸ್ಥಿತಿಯನ್ನಷ್ಟೇ ಅದು ಹೇಳುತ್ತದೆ.

ಭಾರತದಲ್ಲಿ ಇದೆಲ್ಲ ಸ್ವಇಚ್ಛೆಯ ವಿಷಯ, ದೊಡ್ಡ ಶಾಲೆಗಳು ಮಾತ್ರ ಮಾಡುತ್ತವೆ ಎಂಬ ಭಾವನೆಯೂ ತಪ್ಪು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳ ಪ್ರಕಾರ ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿ, ಹೀಗೆ ಮಕ್ಕಳ ಒಡನಾಟವಿರುವ ಪ್ರತಿ ಸಂಸ್ಥೆಯೂ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಲೇಬೇಕು. ಪಾಠ ಮಾಡುವವರು, ಮಾಡದವರು, ಕಾಯಂ ನೌಕರರು, ಗುತ್ತಿಗೆಯವರು ಎಲ್ಲರೂ ಇದರಲ್ಲಿ ಸೇರಿದ್ದಾರೆ. ಅದೂ ಒಮ್ಮೆ ಮಾಡಿ ಫೈಲಿಗೆ ಸೇರಿಸುವುದಲ್ಲ, ನಿಯತಕಾಲಕ್ಕೆ ಮತ್ತೆ ಮತ್ತೆ ಮಾಡಬೇಕು. ಜೊತೆಗೆ ಮಕ್ಕಳ ಸುರಕ್ಷತೆಯ ತರಬೇತಿಯನ್ನೂ ಕೊಡಬೇಕು. ವಾರಕ್ಕೆರಡು ದಿನ ಬರುವ ಕರಾಟೆ ಮಾಸ್ತರನ್ನೂ ಇದರಿಂದ ಹೊರಗಿಡಲು ಕಾರಣವಿಲ್ಲ.

ಗುತ್ತಿಗೆಯವರ ಮಾತು ಬಂದಾಗ ಇನ್ನೊಂದು ಪೂರ್ವಗ್ರಹ ಹೊರಬೀಳುತ್ತದೆ: ಭಯವೇನಿದ್ದರೂ ಡ್ರೈವರು, ಆಯಾ, ಸೆಕ್ಯುರಿಟಿಯವರಿಂದ ಎಂಬುದು. 2017ರಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಪುಟ್ಟ ಬಾಲಕನ ಕೊಲೆಯಾದಾಗ ಪೊಲೀಸರು ತಕ್ಷಣ ಬಸ್ ಕಂಡಕ್ಟರ್‌ನನ್ನು ಹಿಡಿದರು. ಇಡೀ ದೇಶ ಅವನೇ ಕೊಲೆಗಾರ ಎಂದು ನಂಬಿತು. ಸಿಬಿಐ ತನಿಖೆ ಬೇರೆಡೆಗೆ ತಿರುಗಿತು, 2018ರಲ್ಲಿ ನ್ಯಾಯಾಲಯ ಕಂಡಕ್ಟರ್‌ನನ್ನು ಆರೋಪಮುಕ್ತಗೊಳಿಸಿತು. ಬಡ ನೌಕರನ ಮೇಲೆ ಬೆರಳು ತೋರಿಸುವುದು ಸುಲಭ, ಅದರಿಂದ ಮಕ್ಕಳಿಗೆ ರಕ್ಷಣೆ ಸಿಗುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಅಂಕಿಅಂಶಗಳ ಪ್ರಕಾರ ಮಕ್ಕಳ ಮೇಲಿನ ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಮಗುವಿಗೆ ಗೊತ್ತಿದ್ದವನೇ ಆಗಿರುತ್ತಾನೆ. ಹಾಗಾಗಿ ತಪಾಸಣೆ ಟ್ರಸ್ಟಿಯಿಂದ ತೋಟದ ಮಾಲಿಯವರೆಗೆ ಒಂದೇ ಆಗಿರಬೇಕು.

ಎಲ್ಲಕ್ಕಿಂತ ಹಾನಿಕರವಾದದ್ದು ಆಡಳಿತ ಮಂಡಳಿಗಳ ಒಂದು ನಂಬಿಕೆ. ಅನುಮಾನ ಬಂದವರ ಕೈಯಿಂದ ರಾಜೀನಾಮೆ ಬರೆಸಿಕೊಂಡು, ಒಳ್ಳೆಯ ಅನುಭವ ಪತ್ರ ಕೊಟ್ಟು ಕಳಿಸಿದರೆ ಸಂಸ್ಥೆಯ ಮಾನ ಉಳಿಯಿತು ಎಂದು ಅವರು ಭಾವಿಸುತ್ತಾರೆ. ಹಾಗೆ ಹೋದವನು ಮುಂದಿನ ತಿಂಗಳು ಪಕ್ಕದ ತಾಲ್ಲೂಕಿನ ಶಾಲೆಯಲ್ಲಿ ಕೆಲಸಕ್ಕೆ ಸೇರಬಹುದು. ಪೊಲೀಸ್ ದೂರೇ ಇಲ್ಲದ ಮೇಲೆ ಅವನ ಸರ್ಟಿಫಿಕೇಟ್ ಶುಭ್ರವಾಗಿಯೇ ಬರುತ್ತದೆ. ಕಾನೂನು ಇದಕ್ಕೆ ಅವಕಾಶ ಕೊಟ್ಟಿಲ್ಲ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧದ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಸೆಕ್ಷನ್ ಒಂದು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸುತ್ತದೆ. ಬ್ರಿಟನ್ನಿನಲ್ಲಿ ಇಂಥವನು ರಾಜೀನಾಮೆ ಕೊಟ್ಟು ಹೋದರೂ ಸಂಸ್ಥೆ ಅವನ ಹೆಸರನ್ನು ಡಿಬಿಎಸ್‌ಗೆ ಕಳಿಸಲೇಬೇಕು. ಮಕ್ಕಳೊಂದಿಗೆ ಕೆಲಸ ಮಾಡಬಾರದವರದ್ದು ಒಂದು, ಅಸಹಾಯಕ ವಯಸ್ಕರೊಂದಿಗೆ ಕೆಲಸ ಮಾಡಬಾರದವರದ್ದು ಇನ್ನೊಂದು, ಹೀಗೆ ಎರಡು ನಿಷೇಧ ಪಟ್ಟಿಗಳು ಅಲ್ಲಿವೆ. ಭಾರತ 2018ರಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶ ಆರಂಭಿಸಿತು. ಅದನ್ನು ನೋಡುವ ಅಧಿಕಾರ ತನಿಖಾ ಸಂಸ್ಥೆಗಳಿಗಷ್ಟೇ, ಶಾಲೆಗಳಿಗಿಲ್ಲ. ಹಾಗಾಗಿ ಹಿಂದಿನ ಶಾಲೆಗೆ ಫೋನ್ ಮಾಡಿ ‘ಇವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ?’ ಎಂದು ನೇರವಾಗಿ ಕೇಳುವುದು ಇಲ್ಲಿ ಇನ್ನಷ್ಟು ಮುಖ್ಯ.

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳಲು ಹೋಂ ನರ್ಸ್ ಇಟ್ಟುಕೊಳ್ಳುವವರು ಆಧಾರ್ ಜೆರಾಕ್ಸ್ ತೆಗೆದಿಟ್ಟುಕೊಂಡು ನಿಶ್ಚಿಂತರಾಗುತ್ತಾರೆ. ಆಧಾರ್ ಗುರುತು ಹೇಳುತ್ತದೆಯೇ ಹೊರತು ಚರಿತ್ರೆ ಹೇಳುವುದಿಲ್ಲ. ಕರ್ನಾಟಕದಲ್ಲಿ ಸೇವಾ ಸಿಂಧು ಪೋರ್ಟಲ್ ಮೂಲಕ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಬಹುದು. ಹೊರರಾಜ್ಯದವರಾದರೆ ಅವರ ಸ್ವಂತ ಊರಿನ ಠಾಣೆಯ ದಾಖಲೆಯನ್ನೂ ಕೇಳುವುದು ಒಳ್ಳೆಯದು.

ಮುಂದಿನ ಪೋಷಕರ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ವ್ಯಾನ್ ಡ್ರೈವರ್ ಮತ್ತು ಆಟದ ತರಬೇತುದಾರರ ಪೊಲೀಸ್ ಪರಿಶೀಲನೆ ಕೊನೆಯ ಸಲ ನಡೆದದ್ದು ಯಾವ ದಿನಾಂಕದಂದು? ದೂರು ಬಂದರೆ ಮೊದಲು ತಿಳಿಸುವುದು ಯಾರಿಗೆ? ಉತ್ತರ ಬರುವವರೆಗೂ ಕೇಳುತ್ತಿರಿ. ಮಗುವಿನ ವಿಷಯದಲ್ಲಿ ಅನುಮಾನ ಬಂದರೆ ಶಾಲೆಯ ಉತ್ತರಕ್ಕೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.